ಸಂಪಿನಲ್ಲಿ ಯುದ್ಧನೌಕೆ

ಟಿಂಬರ್ ಯಾರ್ಡಿನ ದಸ್ತಗೀರ್ ಸಾಬರು ಕೇಳಿದರು:
ಸ್ಕೂಲ್ ಪ್ರಾಜೆಕ್ಟಾ ಮೇಡಂ, ಮಗ ಎಷ್ಟನೇ ಕ್ಲಾಸು?
ಮಗನಿಲ್ಲ, ಹಡಗು ನನಗೇ, ಅಂದೆ.
ಗರಗಸ ಒಂದು ಕ್ಷಣ ನಿಂತಿತು.
ಆಮೇಲೆ ಅವರೇ ಒಳಗೆ ಹೋಗಿ
ಗಂಟಿಲ್ಲದ ಸಿಲ್ವರ್ ಓಕ್ ಹಲಗೆ ಹುಡುಕಿ ತಂದು
ಬೆರಳ ಗೆಣ್ಣಿನಿಂದ ತಟ್ಟಿ ಕೇಳಿಸಿದರು,
ಮಡಕೆ ಕೊಳ್ಳುವಾಗ ತಟ್ಟುವ ಹಾಗೆ.

ನಾನು ಹಲ್ಲು ಮಾಡುವವಳು.
ಇಪ್ಪತ್ತಾರು ವರ್ಷದಿಂದ ಜೋಗುಪಾಳ್ಯದ ಲ್ಯಾಬಿನಲ್ಲಿ
ನಾನು ಕಾಣದ ಬಾಯಿಗಳಿಗೆ ಎಲ್ಲರಿಗೂ ಕಾಣುವ ಹಲ್ಲು.
ಕೂದಲೆಳೆಯಷ್ಟು ಎತ್ತರವಾದರೆ ಸಾಕು,
ಡಾಕ್ಟರ ಚೀಟಿ ಕಟ್ಟಿಕೊಂಡು ಮಾರನೇ ದಿನ ವಾಪಸ್:
'ಕಚ್ಚೋಕೆ ಆಗ್ತಿಲ್ಲವಂತೆ.'
ಅಳತೆಗೆ ನಾನು ಹೆದರುವವಳಲ್ಲ ಅಂದುಕೊಂಡಿದ್ದೆ.

ಮರ ಬೇರೆ.
ಪ್ಲಾಸ್ಟರಿಗೆ ಹಟವಿಲ್ಲ, ಮೇಣ ಹೇಳಿದ್ದು ಕೇಳುತ್ತದೆ;
ಮರಕ್ಕೆ ಮಾತ್ರ ತಾನು ನಿಂತಿದ್ದ ದಿಕ್ಕಿನ ನೆನಪು.
ಬೆನ್ನುಹಲಗೆಗೆ ಹದಿನೈದು ಪಕ್ಕೆಲುಬು ಅಂಟಿಸಿ
ಸುತ್ತ ಪಟ್ಟಿ ಬಗ್ಗಿಸಹೊರಟರೆ,
ಇಡ್ಲಿ ಪಾತ್ರೆಯ ಹಬೆ ಹಿಡಿಸಿದರೂ
ಮೂತಿಯ ಹತ್ತಿರ ಬಂದು ಟಪ್.
ನಾಲ್ಕು ಮುರಿದವು. ಐದನೆಯದು ಬಗ್ಗಿತು.
ಯಾಕೆಂದು ಗೊತ್ತಿಲ್ಲ. ರೇಡಿಯೋ ಆಫ್ ಆಗಿತ್ತು, ಅಷ್ಟೆ.

ಎಸ್.ಪಿ. ರೋಡಿನಲ್ಲಿ, ಮೊಬೈಲ್ ಕವರುಗಳ ಹಿಂದಿನ ಅಂಗಡಿಯಲ್ಲಿ
ಮೋಟರು, ಸರ್ವೋ, ರಿಸೀವರನ್ನು
ಕಡಲೆಪುರಿಯ ಹಾಗೆ ಪೊಟ್ಟಣ ಕಟ್ಟಿದ ಹುಡುಗ
'ಡ್ರೋನಾ?' ಅಂದ.
'ಅಲ್ಲ, ನೀರಿಂದು.'
'ನೀರೆಲ್ಲಿದೆ ಆಂಟಿ ಈ ಊರಲ್ಲಿ?'

ನೀರು ಮಂಗಳವಾರ, ಶುಕ್ರವಾರ.
ಬೆಳಗಿನ ಜಾವ ನಾಲ್ಕಕ್ಕೆ ಕಾವೇರಿ ಬಂದು
ಸಂಪು ತುಂಬುವ ಸದ್ದಿಗೆ ಎದ್ದು
ಮುಚ್ಚಳ ಸರಿಸಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ,
ಮೊಣಕಾಲೂರಿ ಇಳಿಬಿಟ್ಟೆ.
ತೇಲಿತು!
ತೇಲಿ, ಎಡಕ್ಕೆ ವಾಲಿತು,
ಬೀಗರೂಟ ಮುಗಿಸಿದ ಸೋದರಮಾವನ ಘನತೆಯಲ್ಲಿ.
ಕೊಡ ಹಿಡಿದು ನಿಂತಿದ್ದ ಕೆಳಮನೆಯ ಆರೋಕ್ಯಮ್ಮ
'ಕುಡಿಯೋ ನೀರಲ್ಲಿ ಯುದ್ಧವೇನಮ್ಮಾ' ಅಂದಳು.

ಬಲಕ್ಕೆ ಭಾರ ಬೇಕಿತ್ತು.
ಅಟ್ಟದಲ್ಲಿ ಅಪ್ಪನ ದಿನಸಿ ಅಂಗಡಿಯ ತೂಕದ ಕಲ್ಲುಗಳು.
ಇನ್ನೂರು ಗ್ರಾಮಿನದನ್ನು ಇಟ್ಟೆ. ಲೆಕ್ಕದ ಪ್ರಕಾರ ಸರಿಹೋಗಬೇಕು.
ಹೋಗಲಿಲ್ಲ.
ತಳದ ಸೀಸ ಅಪ್ಪ ಕೆರೆಯುತ್ತಿದ್ದದ್ದನ್ನು
ಚಿಕ್ಕವಳಿದ್ದಾಗ ನೋಡಿದ್ದೆ, ಬಾಗಿಲ ಸಂದಿಯಿಂದ.
ಎಷ್ಟು ಕೆರೆದಿದ್ದರೆಂದು ತಿಳಿದದ್ದು ಈಗ,
ಲ್ಯಾಬಿನ ತಕ್ಕಡಿಯಲ್ಲಿ: ಹನ್ನೊಂದು ಗ್ರಾಂ.
ಯಾರ ಯಾರ ಮನೆಯ ಹನ್ನೊಂದು ಗ್ರಾಂ ಬೇಳೆಯೋ
ನನ್ನ ಕೋರ್ಸಿನ ಫೀಸು ಕಟ್ಟಿತ್ತು.
ಕೊರತೆಗೆ, ಗಿರಾಕಿಗಳು ತಿರಸ್ಕರಿಸಿದ
ನಾಲ್ಕು ಲೋಹದ ದವಡೆಹಲ್ಲು ಸೇರಿಸಿದೆ.
ಹಡಗು ನೆಟ್ಟಗಾಯಿತು.

ಫಿರಂಗಿಗಳು, ಡಾಕ್ಟರು ಎಸೆದ ಡ್ರಿಲ್ ಕಡ್ಡಿಗಳು.
ಈಗ ಏನನ್ನೂ ಕೊರೆಯುವುದಿಲ್ಲ.
ಆದರೂ ಅವನ್ನು ಕಂಡ ಆರೋಕ್ಯಮ್ಮನ ಮೊಮ್ಮಗ
ಬಾಯಿ ಮುಚ್ಚಿಕೊಂಡ.

ಹಲಸೂರು ಕೆರೆ, ಭಾನುವಾರ, ಆರೂವರೆ.
ಮೂವತ್ತು ಗಜ ಹೋಯಿತು.
ಬಲಕ್ಕೆ ಅಂದರೆ ಬಲಕ್ಕೆ. ನನ್ನ ಹೆಬ್ಬೆರಳು
ಅಷ್ಟು ದೂರ ಎಂದೂ ಹೋಗಿರಲಿಲ್ಲ.
ನಾಮದ ಕೋಳಿಗಳು ದಾರಿ ಬಿಟ್ಟವು,
ಮತ್ತೆ ಅದರ ಹಿಂದೆಯೇ ಬಂದವು, ಕುತೂಹಲಕ್ಕೆ.
ಅಷ್ಟರಲ್ಲಿ ಯಾರದೋ ಪೂಜೆಯ ಚೆಂಡುಹೂವಿನ ಹಾರ
ಪ್ರೊಪೆಲ್ಲರಿಗೆ ಸುತ್ತಿಕೊಂಡಿತು.
ನಡುನೀರಲ್ಲಿ ನಿಂತುಬಿಟ್ಟಿತು ನನ್ನ ಯುದ್ಧನೌಕೆ,
ಸನ್ಮಾನಕ್ಕೆ ಕರೆಸಿದವರ ಹಾಗೆ.

ಬಲೆ ಬಿಡುತ್ತಿದ್ದ ಏಳುಮಲೈ
ಹರಿಗೋಲು ಸುತ್ತಿಸಿಕೊಂಡು ಹೋಗಿ ಎತ್ತಿ ತಂದ.
ಹಾರ ಬಿಡಿಸಲಿಲ್ಲ. ಕಿವಿಯ ಹತ್ತಿರ ಅಲುಗಿಸಿದ.
'ಒಳಗೇನೋ ಗಡಗಡ ಅಂತಿದೆಯಲ್ಲ.'
ಹಲ್ಲು, ಅಂದೆ. ಸಡಿಲವಾಗಿವೆ.
ಅವನು ನಗಲಿಲ್ಲ. ನಾಲಿಗೆಯಿಂದ
ತನ್ನ ಬಲದವಡೆ ಒಮ್ಮೆ ತಡಕಿ ನೋಡಿಕೊಂಡು
ಹರಿಗೋಲು ತಿರುಗಿಸಿದ.