ಸಾಲೊಳಗೊಂದು ಸಾಲು

ರಾತ್ರಿ ಎರಡೂವರೆ. ಶ್ಚೆಚಿನ್ ಆಸ್ಪತ್ರೆಯ ನೆಲಮಾಳಿಗೆ.
ಮೂರನೇ ಮಹಡಿಯಲ್ಲಿ ಯಾರದೋ ಶ್ವಾಸಕೋಶದ ಚಿತ್ರ
ತೆರೆಯುತ್ತಿಲ್ಲ. ಪರದೆಯ ಮೇಲೆ ಒಂದು ಬಳೆ
ತಿರುಗುತ್ತಿದೆ, ತಿರುಗುತ್ತಲೇ ಇದೆ.
ಡಾಕ್ಟರ್ ವಾಂದಾ ಫೋನಿನಲ್ಲಿ ಬೈಯುವುದಿಲ್ಲ,
ಬೈದಿದ್ದರೇ ವಾಸಿಯಿತ್ತು:
"ಯಾಗೊದಾ, ಡಿಸ್ಕು ಹೊಸದಲ್ಲವಾ?"

ಹೊಸದು. ಮೊನ್ನೆ ತಾನೇ ನಾನೇ ಕೂರಿಸಿದ್ದು.
ಸುತ್ತುವ ತಟ್ಟೆಯಿಲ್ಲ, ಚಾಚುವ ತೋಳಿಲ್ಲ,
ಕೇಳಿದ ಕೂಡಲೇ ಕೊಡುವ ಜಾತಿ.
ರೋಗಿಯ ಗುಟ್ಟು ರೋಗಿಗೇ ಎಂದಿತು ಕಾನೂನು;
ಗೂಢಲಿಪಿಯ ಬೀಗ ಹಾಕಿದೆವು.
ಅಂದಿನಿಂದ ಅರ್ಧಕ್ಕರ್ಧ ನಿಧಾನ.
ಎಲ್ಲರ ಬೊಟ್ಟು ಬೀಗದ ಕಡೆಗೆ.
ಲೆಷೆಕ್ ಅಂದ: ಗಣಿತಕ್ಕೂ ಬೆವರು ಬರುತ್ತೆ ಮಾರಾಯ್ತಿ.

ಬೆವರನ್ನೇ ಅಳೆದೆ.
ಕಣ್ಣು ಮಿಟುಕಿಸುವಷ್ಟರಲ್ಲಿ
ಸಾವಿರ ಸಲ ತಿರುಗಿ ಬರುತ್ತದೆ ಕೀಲಿ, ದಣಿವೇ ಇಲ್ಲ.
ಮತ್ತೆ ಹೊತ್ತೆಲ್ಲಿ ಹೋಯಿತು?

ಹೊತ್ತು ಹೋಗಿರಲಿಲ್ಲ. ನಿಂತಿತ್ತು.

ಬರಹದ ಕೋರಿಕೆಯೊಂದು ಗಂಟು ಹೊತ್ತು ಹೊರಟಿತೆನ್ನಿ.
ಮೊದಲ ಬಾಗಿಲಲ್ಲೇ ಸಾಲು.
ಆಳೊಬ್ಬ ಎದ್ದು ಬಂದು ಗಂಟು ಬಿಚ್ಚಿ
ಅಕ್ಷರ ಕಲಸಿ, ಯಾರಿಗೂ ತಿಳಿಯದಂತೆ ಮರಳಿ ಕಟ್ಟಿ
ತಾನೇ ಒಯ್ದು ಕೊಡಬಾರದೆ? ಊಹೂಂ.
ಎರಡನೇ ಸಾಲಿಗೆ ದಾಟಿಸುತ್ತಾನೆ.
ಅಲ್ಲೊಬ್ಬ ಗುಮಾಸ್ತ
ಕೆಂಪು ಗೆಣ್ಣು ಕಪ್ಪು ಗೆಣ್ಣಿನ ಮರದ ಕೆಳಗೆ ಕೂತು
ಮನೆ ನಂಬರಿನ ಕ್ರಮದಲ್ಲಿ ಎಲ್ಲರನ್ನೂ ಜೋಡಿಸುತ್ತಾನೆ.
ಅವನ ಕೈ ದಾಟಿದರೆ ಡಿಸ್ಕಿನ ಹೊಸ್ತಿಲಲ್ಲಿ
ಇನ್ನೊಬ್ಬ, ಅದೇ ಜೋಡಣೆ.
ಸಾಲು ಸಾಲದೆಂದು ಸಾಲು.

ಬ್ರೋನ್ಯಾ ಅಜ್ಜಿ ಇಂಥದ್ದನ್ನು ಕಂಡವಳು.
ಎಂಬತ್ತೊಂದರ ಚಳಿ. ಬಟ್ಟೆ ಒಗೆಯುವ ಮೆಷೀನು.
ಅಂಗಡಿಯೆದುರು ಜನ, ಜನಕ್ಕೊಂದು ಕಮಿಟಿ,
ಕಮಿಟಿಗೊಂದು ನೋಟುಪುಸ್ತಕ.
ರಾತ್ರಿ ಎರಡಕ್ಕೊಮ್ಮೆ, ಐದಕ್ಕೊಮ್ಮೆ ಹಾಜರಿ;
ಓಗೊಡದವರ ಹೆಸರಿಗೆ ಗೀಟು.
ಅಜ್ಜಿ ಇನ್ನೂರ ಹನ್ನೆರಡನೆಯವಳು,
ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಬೀಟ್‌ರೂಟ್ ಸಾರು.
ಒಂದು ದಿನ ಆ ಅಂಗಡಿಯನ್ನೇ ಮುಚ್ಚಿ
ಬೇರೆ ಬೀದಿಗೆ ಒಯ್ದರು.
ಆಮೇಲೂ ಹನ್ನೊಂದು ರಾತ್ರಿ
ಖಾಲಿ ಗಾಜಿನೆದುರು ಹಾಜರಿ ನಡೆಯಿತಂತೆ.
"ಯಾಕಜ್ಜಿ?" ಅಂದರೆ
"ನಂಬರು ಹೋದರೆ?" ಅನ್ನುತ್ತಿದ್ದಳು,
ನಾನೇ ಪೆದ್ದಿ ಎಂಬಂತೆ ನೋಡಿ.

ಗುಮಾಸ್ತನನ್ನು ಕೂರಿಸಿದವರೂ ಹೆಡ್ಡರಲ್ಲ.
ಆಗ ತಟ್ಟೆ ಸುತ್ತುತ್ತಿತ್ತು, ತೋಳು ಓಡುತ್ತಿತ್ತು.
ಈ ತುದಿ ಆ ತುದಿ ಎಂದು ಓಡಿಸಿದರೆ ಏದುಸಿರು.
ಅಂಚೆಯಣ್ಣನ ಹಾಗೆ ಬೀದಿಯ ಕ್ರಮದಲ್ಲಿ ನಡೆಯಲೆಂದು
ಜೋಡಿಸಿ ಕೊಟ್ಟರು. ಅದು ಕರುಣೆ.
ತೋಳು ಹೋಯಿತು.
ಗುಮಾಸ್ತನಿಗೆ ಯಾರೂ ಹೇಳಲಿಲ್ಲ.

ನಾನು ಹೇಳಿದೆ. ಎರಡೇ ಮಾತು:
ಓದಿಗೆ ಸಾಲು ಬೇಡ, ಬರಹಕ್ಕೆ ಸಾಲು ಬೇಡ.
ಬಂದವರ ಗಂಟನ್ನು ಬಂದ ಬಾಗಿಲಲ್ಲೇ ಬಿಚ್ಚಿ
ಕಟ್ಟಿ ಕಳಿಸು.
(ನಡುವೆ ತಡೆದು ನುಗ್ಗುವ ಕೆಲವರುಂಟು,
ಅವರಿಗೆ ಅಲ್ಲೇ ಬಿಚ್ಚುವಂತಿಲ್ಲ,
ಅವರ ಪಾಲಿನ ಬೆಂಚು ಹಾಗೇ ಇದೆ.)
ಮೂಲೆಯ ಕಪಾಟಿನಲ್ಲಿ ಇನ್ನೂ ಗುಂಯ್‌ಗುಡುವ
ಹಳೇ ಡಿಸ್ಕುಗಳಿಗೆ ಗುಮಾಸ್ತನನ್ನು ಬಿಟ್ಟೆ.
ಅವನಿಗೂ ಕೆಲಸ ಬೇಕು.

"ಬಂತು," ಅಂದಳು ವಾಂದಾ. ಆಮೇಲೆ ಬಹಳ ಹೊತ್ತು
ಏನೂ ಅನ್ನಲಿಲ್ಲ.
ಎಡಗಡೆ, ಕೆಳಗೆ, ಏನೋ ಇತ್ತಂತೆ.
ಮುಂದಿನ ಪರೀಕ್ಷೆಗೆ ಸರದಿ
ಏಪ್ರಿಲ್ ಕೊನೆಗೆ. ಇದು ನವೆಂಬರ್.

ಆರಕ್ಕೆ ಮೇಲೆ ಬಂದೆ. ಕೌಂಟರ್ ಇನ್ನೂ ತೆರೆದಿಲ್ಲ,
ಗೋಡೆಗುಂಟ ಕೋಟುಗಳು, ಕೈಯಲ್ಲಿ ಕಾಗದಗಳು.
ಕಾಫಿ ಯಂತ್ರಕ್ಕೆ ಒರಗಿ ನಿಂತೆ.
ಹಿಮ ಕೊಡವುತ್ತ ಬಂದ ಹೆಂಗಸೊಬ್ಬಳು
ಇಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು:
"ಕೊನೆಯವರು ಯಾರು?"

ನನ್ನ ಕೈ ತಾನಾಗಿ ಮೇಲೆದ್ದಿತು.
ಅವಳು ನೆಮ್ಮದಿಯಿಂದ
ನನ್ನ ಹಿಂದೆ ನಿಂತಳು.