ಮರಿಗೆ

ಧಾರವಾಡದ ಮಣ್ಣು ಸುಲಭಕ್ಕೆ ಕೈಬಿಡುವುದಿಲ್ಲ.
ಬಕೆಟ್ಟಿನಲ್ಲಿ ಕಲಕಿ, ತುಸು ತಡೆದು,
ಮೇಲಿನ ನೀರನ್ನಷ್ಟೇ ಜರಡಿಗೆ ಬಗ್ಗಿಸುತ್ತೇನೆ.
ಮೂರನೆಯ ಜರಡಿಯ ತೂತು ಬರಿಗಣ್ಣಿಗೆ ಕಾಣದು.
ಅದರಲ್ಲಿ ಉಳಿದದ್ದು ಹುಳ.

ಮೆಣಸಿನ ಗಿಡದ ಬೇರಿಗೆ ಗಂಟು ಹಾಕಿದವು.
ಬಿಸಿನೀರು ತಾಗಿದೊಡನೆ ನೆಟ್ಟಗೆ ಮಲಗುತ್ತವೆ,
ಗೆರೆ ಎಳೆದ ಹಾಗೆ.
ಇನ್ನೊಂದು ಜಾತಿ ಸುರುಳಿ ಸುತ್ತಿ ಸಾಯುತ್ತದೆ;
ಸತ್ತ ಭಂಗಿಯಿಂದಲೇ ಹೆಸರು ಹಿಡಿಯಬಹುದು
ಎಂದು ನೀಲಗಂಗಾ ಮೇಡಂ ಕಲಿಸಿದ್ದರು.

ಇನ್ನು ಅವಸರ ಸಲ್ಲ.
ಒಂದು ರಾತ್ರಿ ಫ್ರಿಜ್ಜಿನ ತಂಪಿನಲ್ಲಿ, ಗಟ್ಟಿಯಾಗಲು.
ಒಂದು ತಾಸು ಆಸ್ಮಿಯಂನಲ್ಲಿ, ಕಪ್ಪಾಗಲು
(ಗಾಜಿನ ಗೂಡಿನೊಳಗೇ ತೆರೆ, ಅದು ಕಣ್ಣು ತಿನ್ನುತ್ತದೆ).
ಆಮೇಲೆ ಮದ್ಯಸಾರ: ಮೂವತ್ತು, ಐವತ್ತು, ಎಪ್ಪತ್ತು, ತೊಂಬತ್ತು.
ನೀರು ಮೆಟ್ಟಿಲಿಳಿದೇ ಹೋಗಬೇಕು ಮೈಯಿಂದ.
ಕೊನೆಗೆ ಒತ್ತಡದ ಪಾತ್ರೆ: ದ್ರವವೂ ಅಲ್ಲ, ಆವಿಯೂ ಅಲ್ಲದ
ಒಂದು ಗಳಿಗೆ. ಒಣಗಿದ್ದು ಹುಳಕ್ಕೇ ಗೊತ್ತಾಗಬಾರದು.
ಹೋದ ವರ್ಷ ತಾಳ್ಮೆಗೆಟ್ಟು ಗಾಳಿಗೆ ಇಟ್ಟಿದ್ದೆ,
ಹುಳ ಹೋಗಿ ಬ್ಯಾಡಗಿ ಮೆಣಸಿನಕಾಯಿ ಆಗಿತ್ತು.

ಎತ್ತಲು ಚಿಮಟ ಒರಟು.
ರೆಪ್ಪೆಗೂದಲು ಬೇಕು, ಒಂದೇ ಒಂದು,
ಹಲ್ಲುಕಡ್ಡಿಯ ತುದಿಗೆ ಉಗುರುಬಣ್ಣದಿಂದ ಅಂಟಿಸಿದ್ದು.
ಮೇಡಂ ನಿವೃತ್ತರಾದರು; ಅವರ ರೆಪ್ಪೆಗೂದಲು
ಇನ್ನೂ ಮೇಜಿನ ಡ್ರಾದಲ್ಲಿದೆ. ನನ್ನದು ಡೊಂಕು,
ಅವರದರಿಂದಲೇ ಎತ್ತುತ್ತೇನೆ
ಉಸಿರು ಬಿಗಿಹಿಡಿದು, ಫ್ಯಾನು ಬಂದ್ ಮಾಡಿ.
ನಿನ್ನೆ ಒಂದು ಹುಳ ಸೀನಿಗೆ ಹೋಯಿತು.

ಇನ್ನು ಬಂಗಾರ.
ಗಾಜಿನ ಗುಮ್ಮಟದೊಳಗೆ ನೇರಳೆ ಬೆಳಕು,
ಎರಡು ನಿಮಿಷ; ಮೈಗೆ ಕಾಣದಷ್ಟು ಲೇಪ.
ಫೋನಿನಲ್ಲಿ ಹೇಳಿದರೆ ಅಜ್ಜಿ ಫಕೀರವ್ವ ನಂಬಲಿಲ್ಲ.
ಜಲಗಾರರ ಹೆಣ್ಣುಮಗಳು ಆಕೆ,
ಮಳೆಗಾಲ ಕಪ್ಪತಗುಡ್ಡದ ಹಳ್ಳದಲ್ಲಿ, ಬೇಸಿಗೆಗೆ
ಗದಗಿನ ಅಕ್ಕಸಾಲಿಗರ ಓಣಿಯ ಗಟಾರದಲ್ಲಿ
ಮರಿಗೆ ತಿರುವಿ ತಿರುವಿ ಮಣ್ಣು ತೊಳೆದವಳು.
ಅರ್ಧ ಸಾಸಿವೆಯಷ್ಟು ಸಿಕ್ಕರೆ ಆ ವಾರ ರೊಟ್ಟಿ.
"ನಾವು ಮಣ್ಣು ತೊಳದು ಬಂಗಾರ ತಗದ್ವಿ.
ನೀ ಮಣ್ಣು ತೊಳದು ಹುಳ ತಗದು
ಅದಕ್ಕ ಬಂಗಾರ ಬಳೀತಿ?"
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಮತ್ತ ತೊಳದ್ರ ಬರತದೇನು?"

ಬರೂದಿಲ್ಲಬೇ ಅಜ್ಜಿ.

ಪರದೆಯ ಮೇಲೆ ಮೋರೆ ಮೂಡಿತು:
ಆರು ತುಟಿ, ನಡುವೆ ಸೂಜಿ ಹೊರಡುವ ತೂತು,
ಕೊರಳಿಂದ ಬಾಲದವರೆಗೆ ಒತ್ತೊತ್ತಾಗಿ ಬಳೆ.
ಎಂಟು ಸಾವಿರ ಪಟ್ಟು. ಒಂದು ಬಳೆಯ ಮೇಲೆ
ಇಷ್ಟು ತೊಳೆದರೂ ಹೋಗದ ಮಣ್ಣಿನ ಕಣ,
ಅದಕ್ಕೂ ಬಂಗಾರ ಹತ್ತಿದೆ.
ಚಿತ್ರಕ್ಕೆ ಅಡ್ಡ, ಮತ್ತೆ ತೆಗೆಯಬೇಕು ಅಂದ ಪಕ್ಕದವನು.
ಇರಲಿ ಅಂದೆ.

ಸಂಜೆ ಜರಡಿ ತೊಳೆದೆ. ಕೊನೆಯ ನೀರು
ಚೆಲ್ಲುವ ಮೊದಲು ಬಕೆಟ್ಟು ಓರೆ ಮಾಡಿ
ತಳ ನೋಡುವ ಚಾಳಿ ನನಗೆ.
ಯಾರೂ ಕಲಿಸಿದ್ದಲ್ಲ.