ಮಲಗುವ ದಾರಿ

ಫೆಬ್ರವರಿ. ಪಿಟ್ಸ್‌ಬರ್ಗಿನ ಬಟ್ಲರ್ ಬೀದಿಯಲ್ಲಿ
ಟಿಕೆಟ್ ಮಾರುವ ಅಂಗಡಿ ಎಂದರೆ ಇನ್ನು ನನ್ನದೊಂದೇ.
ಬೂಟಿನ ಹಿಮ ಕೊಡವಿ ಒಳಗೆ ಬಂದರು
ಲುಡ್ಮಿಲಾ ಹ್ರಿಂಕೋ, ವಯಸ್ಸು ಎಪ್ಪತ್ತೆರಡು.
ಕೈಚೀಲದಲ್ಲಿ ವಕೀಲರು ಕೊಟ್ಟ ಚೆಕ್ಕು,
ಅದಕ್ಕೆ ಪಿನ್ನು ಚುಚ್ಚಿದ, ತೀರಿಹೋದ ಅಕ್ಕನ ಚೀಟಿ:
‘ಕೋಶಿತ್ಸೆಗೆ ಹೋಗು. ಕಾಲು ಚಾಚಿಕೊಂಡು ಹೋಗು.
ಇದರಲ್ಲೂ ಉಳಿಸಿದೆಯೋ, ನೋಡು ಮತ್ತೆ. ಇರ್ಮಾ.’

ಪರದೆಯನ್ನು ಅವರತ್ತ ತಿರುಗಿಸಿದೆ.
ಲಂಡನ್ ಆದರೆ ಇಲ್ಲಿಂದಲೇ ನೇರ, ಏಳು ತಾಸು,
ಆಮೇಲೆ ಇನ್ನೆರಡು ಸಣ್ಣ ಹಾರಾಟ.
ಲಿಸ್ಬನ್ ಅಗ್ಗ, ಆದರೆ ಜೋಡಿ ಸೀಟು,
ನಡುರಾತ್ರಿ ಎದ್ದರೆ ಪಕ್ಕದವರ ಮೊಣಕಾಲು ದಾಟಬೇಕು.
ವಾರ್ಸಾದಲ್ಲಿ ವಿಮಾನ ಬದಲಿಸಲು ಐವತ್ತೇ ನಿಮಿಷ,
‘ನಿಮ್ಮ ಮಂಡಿ…’ ಎಂದೆ.
‘ಮಂಡಿಯ ಮಾತು ಬಿಡಿ, ಅದು ನನ್ನದು’ ಎಂದರು.

ಷಾಂಪೇನಿನ ಬಗ್ಗೆ ಹೇಳಿದೆ. ಕೇಳಿಸಿಕೊಳ್ಳಲಿಲ್ಲ.
ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ:
‘ಮಲಗುವುದು ಎಷ್ಟು ಹೊತ್ತು?’

ಇಪ್ಪತ್ತಾರು ವರ್ಷದಲ್ಲಿ
ಯಾರೂ ಹೀಗೆ ಬೆತ್ತಲೆಯಾಗಿ ಕೇಳಿರಲಿಲ್ಲ.
ಲೆಕ್ಕ ಹಾಕಿದೆ, ಹಳೆಯ ರಸೀದಿಯ ಬೆನ್ನಿಗೆ:
ಮೇಲೇರಲು ಅರ್ಧ ತಾಸು,
ಊಟಕ್ಕೆ, ತಟ್ಟೆ ಎತ್ತುವುದಕ್ಕೆ, ಒಂದೂವರೆ,
ತಿಂಡಿ, ಬಿಸಿ ಟವೆಲ್ಲು, ಇಳಿಯುವುದು, ಇನ್ನೊಂದೂವರೆ.
ಉಳಿದದ್ದು ಮೂರೂವರೆ.
‘ಇಷ್ಟು ದುಡ್ಡಿಗೆ ಮೂರೂವರೆ ತಾಸಿನ ಮಂಚವೇ!’
ಪೂರ್ವಕ್ಕೆ ಹಾರಿದರೆ ರಾತ್ರಿ ಸಣ್ಣದಾಗುತ್ತದೆ ಅಂದೆ.
‘ಗೊತ್ತು,’ ಎಂದರು, ‘ಬಿಸಿನೀರಿಗೆ ಬಿದ್ದ ಉಣ್ಣೆಯ ಹಾಗೆ.’

ಆಮೇಲೆ ತಿಳಿಯಿತು. ಮೂವತ್ತೊಂದು ವರ್ಷ
ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರಾತ್ರಿ ಪಾಳಿ,
ಬೇರೆಯವರು ಮಲಗುವ ಹಾಸು ಒಗೆದು, ಮಡಿಸಿ,
ಬೆಳಿಗ್ಗೆ ಮನೆಗೆ ಬಂದು, ಕಿಟಕಿಗೆ ಕಂಬಳಿ ಕಟ್ಟಿ,
ಬೀದಿಯ ಮಕ್ಕಳ ಕೂಗಿನ ಕೆಳಗೆ ನಿದ್ದೆ.
‘ಒಮ್ಮೆಯಾದರೂ ರಾತ್ರಿಯನ್ನು ರಾತ್ರಿಯಾಗಿ ಮಲಗಬೇಕು.
ಬೇರೆಯವರು ಒಗೆದ ಹಾಸಿನ ಮೇಲೆ.’

ಆಗ ಹೊಳೆಯಿತು ಷಿಕಾಗೊ.
ಹೋಗಬೇಕಾದ್ದು ಪೂರ್ವಕ್ಕೆ, ಮೊದಲು ಪಶ್ಚಿಮಕ್ಕೆ ಒಂದೂವರೆ ತಾಸು,
ಕೊಂಕಣ ಸುತ್ತಿ ಮೈಲಾರವೇ ಸರಿ,
ಆದರೆ ಅಲ್ಲಿಂದ ವಿಯೆನ್ನಾಕ್ಕೆ ಒಂಬತ್ತು ತಾಸು,
ಊಟ ಬೇಡವೆಂದರೆ
ಮಂಚಕ್ಕೆ ಪೂರಾ ಏಳು.
ದೂರ ಹೋಗುವವರಿಗೆ ಮಾತ್ರ ಸಿಗುವ ಉದ್ದನೆಯ ರಾತ್ರಿ.
ಅವರು ರಸೀದಿಯನ್ನು ಎರಡು ಸಲ ಕೂಡಿ ನೋಡಿದರು,
ನನ್ನ ಪೆನ್ನಿನಲ್ಲೇ ಏಳಕ್ಕೆ ಸುತ್ತು ಹಾಕಿದರು.

ಮೇ ತಿಂಗಳಲ್ಲಿ ಗಸಗಸೆಯ ರೊಟ್ಟಿ ಸುರುಳಿ ತಂದರು.
‘ನಿದ್ದೆ ಬಂತೇ?’
ಒಂದು ರೆಪ್ಪೆಯೂ ಮುಚ್ಚಲಿಲ್ಲವಂತೆ.
ದೀಪ ಆರಿತು, ಸುತ್ತ ಎಲ್ಲರೂ ಅಂಗಾತ,
ಎಲ್ಲೋ ಒಬ್ಬರ ಗೊರಕೆ, ಎಲ್ಲೋ ಕೆಮ್ಮು,
ವಾರ್ಡಿನ ಹಾಗೆಯೇ.
ಬೆರಳು ತಾನಾಗಿ ಹಾಸಿನ ಅಂಚು ಹುಡುಕಿತಂತೆ:
ಒಳ್ಳೆಯ ನೂಲು, ನೀಲಿ ಸ್ವಲ್ಪ ಹೆಚ್ಚಾಗಿದೆ,
ಇಸ್ತ್ರಿಯ ಕೈ ಅವಸರದ್ದು.
ಇಳಿಯುವ ಮುಂಚೆ ನಾಲ್ಕು ಮೂಲೆ ಸೇರಿಸಿ ಮಡಿಸುತ್ತಿದ್ದಾಗ
ಗಗನಸಖಿ ಓಡಿಬಂದಳು, ‘ಬಿಡಿ ಅಮ್ಮಾ, ಬಿಡಿ.’
ಬಿಡಲಿಲ್ಲ.

ನನಗೆ ಪೆಚ್ಚಾಯಿತು. ಏಳು ತಾಸು, ಅಷ್ಟು ದುಡ್ಡು.
ರೊಟ್ಟಿ ಕೊಯ್ಯುತ್ತ ಅವರೆಂದರು,
ಬರುವಾಗ ಹಗಲಂತೆ, ಹತ್ತು ತಾಸೂ ಹಗಲು,
ಸೂರ್ಯ ಜೊತೆಗೇ ಬರುತ್ತಿದ್ದನಂತೆ, ರೆಕ್ಕೆಯ ಮೇಲೆ ಕೂತು.
ಕಿಟಕಿಯ ತೆರೆ ಎಳೆದದ್ದೊಂದೇ ನೆನಪು.
‘ಅಯ್ಯೋ, ಏನು ನಿದ್ದೆ!
ಷಿಕಾಗೊದಲ್ಲಿ ಅಲುಗಾಡಿಸಿ ಎಬ್ಬಿಸಿದರು.’